ಮೌಸರ್ ಸಿ 96ರ ಮರದ ಪೆಟ್ಟಿಗೆ-ಸ್ಟಾಕ್: ಅಸಲಿ ಗುರುತಿಸುವುದು, ಕೊಳ್ಳುವುದು, ಕೆಡದಂತೆ ಇಟ್ಟುಕೊಳ್ಳುವುದು

ಪಿಸ್ತೂಲಿನ ಹಿಡಿಗೆ ಸಿಕ್ಕಿಸಿದರೆ ಭುಜಕ್ಕೆ ಆನಿಸುವ ಬಟ್, ಬಿಚ್ಚಿದರೆ ಅದೇ ಪಿಸ್ತೂಲನ್ನು ಒಳಗಿಟ್ಟು ಸೊಂಟಕ್ಕೆ ತೂಗುಹಾಕುವ ಒರೆ. ಎರಡು ಕೆಲಸ ಮಾಡುವ ಇಂಥ ಮರದ ಪೆಟ್ಟಿಗೆಯನ್ನು ಸಂಗ್ರಹಕಾರರು ಹೋಲ್ಸ್ಟರ್ ಸ್ಟಾಕ್ ಎನ್ನುತ್ತಾರೆ. ಹಳೆಯ ಪಿಸ್ತೂಲುಗಳ ಬಿಡಿ ಸಾಮಾನು ಕೂಡಿಡುವ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರು ಇದರಿಂದಲೇ, ಅದರಲ್ಲೂ ಜರ್ಮನಿಯ ಮೌಸರ್ ಸಿ 96 ಪಿಸ್ತೂಲಿನ ಪೆಟ್ಟಿಗೆಯಿಂದ, ಶುರು ಮಾಡುವುದು ಒಳ್ಳೆಯದು. ಮಾಲು ಹೇರಳವಾಗಿ ತಯಾರಾಗಿದೆ, ಅದರ ಬಗ್ಗೆ ಅಧ್ಯಯನವೂ ಚೆನ್ನಾಗಿ ನಡೆದಿದೆ. ನಕಲಿ ಮಾಲೂ ಅಷ್ಟೇ ಹೇರಳ ಎಂಬುದು ಬೇರೆ ಮಾತು.

ಕೆಳಗಿನ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಸೂತ್ರ ಹರಿಯುತ್ತದೆ: ಪೆಟ್ಟಿಗೆಯ ಹೊರಮೈ ನೋಡಿ ಬೆಲೆ ಕಟ್ಟಬೇಡಿ, ಒಳಗನ್ನೂ, ಪಿಸ್ತೂಲಿನ ಹಿಡಿಗೆ ಸಿಕ್ಕುವ ಉಕ್ಕಿನ ನಾಲಿಗೆಯನ್ನೂ ನೋಡಿ ಕಟ್ಟಿ. ಹೊರಮೈಗೆ ವಯಸ್ಸು ಬಳಿಯುವುದು ಒಂದು ಮಧ್ಯಾಹ್ನದ ಕೆಲಸ. ಒಳಗೆ ನೂರು ವರ್ಷದ ತಿಕ್ಕಾಟದ ಗುರುತು ಮೂಡಿಸುವ ತಾಳ್ಮೆ ನಕಲು ಮಾಡುವವರಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಹಿನ್ನೆಲೆ, ಬೇಕಾದಷ್ಟು

ಜರ್ಮನಿಯ ನೆಕರ್ ನದಿ ದಂಡೆಯ ಓಬರ್ನ್‌ಡಾರ್ಫ್‌ನಲ್ಲಿದ್ದ ಮೌಸರ್ ಕಾರ್ಖಾನೆಯಲ್ಲಿ ಫೀಡರ್ಲೆ ಸಹೋದರರು 1895ರ ಹೊತ್ತಿಗೆ ಈ ಪಿಸ್ತೂಲಿನ ಮಾದರಿ ರೂಪಿಸಿದರು. 1896ರಿಂದ 1937ರವರೆಗೆ ಸುಮಾರು ಹತ್ತು ಲಕ್ಷ ತಯಾರಾದವು. ಗುಂಡು 7.63 ಮಿ.ಮೀ., ಮಾಮೂಲಿ ನಳಿಗೆ 140 ಮಿ.ಮೀ. ಪಿಸ್ತೂಲೇ ಒಂದು ಕಿಲೋ ದಾಟುತ್ತದೆ. ಹಿಂದಿನ ಗುರಿಕಣ್ಣಿನ ಮೇಲೆ 1000 ಮೀಟರ್‌ವರೆಗೆ ಗೀಟು ಕೊರೆದಿದ್ದರು. ಪಿಸ್ತೂಲಿನ ಗುಂಡಿಗೆ ಅದು ಶುದ್ಧ ಆಶಾವಾದ. ಆದರೆ ಭುಜಕ್ಕೆ ಆನಿಸುವ ಸ್ಟಾಕ್ ಮಾರಲು ಆ ಗೀಟುಗಳು ಬೇಕಾಗಿದ್ದವು.

ಅತಿ ದೊಡ್ಡ ಗಿರಾಕಿ ಚೀನಾ. 1919ರಿಂದ 1929ರವರೆಗೆ ಅಲ್ಲಿಗೆ ಸೇನಾ ಶಸ್ತ್ರಾಸ್ತ್ರ ಮಾರಬಾರದೆಂಬ ನಿರ್ಬಂಧ ಇದ್ದಾಗ, ರೈಫಲ್ ಸಿಗದ ಪಾಳೆಯಪಟ್ಟುಗಳ ಸೇನಾಧಿಪತಿಗಳು ಸ್ಟಾಕ್ ಹಾಕಿದ ಪಿಸ್ತೂಲನ್ನೇ ನೆಚ್ಚಿಕೊಂಡರು. ಅಲ್ಲಿನ ಜನ ಇದಕ್ಕೆ ಇಟ್ಟ ಹೆಸರು ‘ಪೆಟ್ಟಿಗೆ ತೋಪು’. ಬಂದೂಕಿಗಿಂತ ಮರದ ಪೆಟ್ಟಿಗೆಯೇ ಎದ್ದು ಕಂಡಿತ್ತು.

ಭಾರತದ ನಂಟು ಇನ್ನೂ ಗಾಢ. 1914ರ ಆಗಸ್ಟ್ 26ರಂದು ಕಲ್ಕತ್ತದ ಬಂದೂಕು ವ್ಯಾಪಾರಿ ರೊಡ್ಡಾ ಕಂಪನಿಗೆ ಬಂದಿದ್ದ ಸರಕಿನಲ್ಲಿ 50 ಮೌಸರ್ ಪಿಸ್ತೂಲು, 46,000 ಗುಂಡು ಬಂಗಾಳದ ಕ್ರಾಂತಿಕಾರಿಗಳ ಪಾಲಾದವು. ಪಿಸ್ತೂಲು ಇಡುವ ಪೆಟ್ಟಿಗೆಯನ್ನೇ ಹಿಡಿಗೆ ಜೋಡಿಸಿ ರೈಫಲಿನಂತೆ ಭುಜದಿಂದ ಹಾರಿಸಬಹುದು ಎಂಬ ವಿಚಾರವನ್ನು ಬ್ರಿಟಿಷರ ರಾಜದ್ರೋಹ ಸಮಿತಿಯ ವರದಿ ಬೇರೆಯಾಗಿಯೇ ದಾಖಲಿಸಿತು. 1925ರ ಕಾಕೋರಿ ಪ್ರಕರಣದಲ್ಲೂ ಮೌಸರ್‌ಗಳಿದ್ದವು. ಇನ್ನು ಬೆಂಗಳೂರಿನ ದಂಡುಪ್ರದೇಶದಲ್ಲಿ 4ನೇ ಹುಸಾರ್ ದಳದೊಂದಿಗೆ ಇದ್ದ ವಿನ್‌ಸ್ಟನ್ ಚರ್ಚಿಲ್ 1898ರ ಸೆಪ್ಟೆಂಬರ್ 2ರಂದು ಸುಡಾನಿನ ಓಮ್‌ಡರ್ಮನ್ ಕಾಳಗಕ್ಕೆ ಒಯ್ದದ್ದು ಸಿ 96. ಬೊಂಬಾಯಿಯಲ್ಲಿ ದೋಣಿಯಿಂದ ಇಳಿಯುವಾಗ ಭುಜ ಕೀಲು ತಪ್ಪಿತ್ತು, ಕತ್ತಿ ಬೀಸುವಂತಿರಲಿಲ್ಲ. ಇಂಥ ಹೆಸರುಗಳ ಕಾರಣಕ್ಕೇ ‘ಕ್ರಾಂತಿಕಾರಿಯ ಪೆಟ್ಟಿಗೆ’, ‘ಚರ್ಚಿಲ್ ಕಾಲದ್ದು’ ಎಂಬ ಕಥೆ ಅಂಟಿಸಿದ ಮಾಲು ಮಾರುಕಟ್ಟೆಗೆ ಬರುತ್ತದೆ. ಲಿಖಿತ ದಾಖಲೆ ಇಲ್ಲದ ಕಥೆಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಮೊದಲ ಹೆಜ್ಜೆ: ಕಾನೂನು

ಇದನ್ನು ಕೊನೆಗೆ ತಳ್ಳುವವರೇ ಸಿಕ್ಕಿಬೀಳುವುದು. ಹಾಗಾಗಿ ಮೊದಲಿಗೇ ಹೇಳುತ್ತೇವೆ.

ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಶಸ್ತ್ರಗಳ ಬಿಡಿಭಾಗಗಳೂ ‘ಶಸ್ತ್ರ’ವೇ. ಅದೇ ಕಾಯ್ದೆಯ 45ನೇ ಕಲಮು ಸಣ್ಣಪುಟ್ಟ ಬಿಡಿಭಾಗಗಳಿಗೆ ಒಂದು ವಿನಾಯಿತಿ ಕೊಡುತ್ತದೆ, ಆದರೆ ಒಂದು ಷರತ್ತಿನ ಮೇಲೆ: ಆ ಭಾಗವನ್ನು ತನ್ನ ಬಳಿಯೋ ಬೇರೊಬ್ಬರ ಬಳಿಯೋ ಇರುವ ಪೂರಕ ಭಾಗಗಳ ಜೊತೆ ಬಳಸುವ ಉದ್ದೇಶ ಇರಬಾರದು. ಒಂಟಿ ಮರದ ಸ್ಟಾಕ್ ಈ ವಿನಾಯಿತಿಗೆ ಸೇರುತ್ತದೋ ಇಲ್ಲವೋ ಎಂಬುದನ್ನು ನಿಮ್ಮಷ್ಟಕ್ಕೆ ನೀವೇ ತೀರ್ಮಾನಿಸಬೇಡಿ. ಜಿಲ್ಲೆಯ ಪರವಾನಗಿ ಅಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ, ಬೆಂಗಳೂರಿನಂಥ ಕಡೆ ಪೊಲೀಸ್ ಕಮಿಷನರ್ ಕಚೇರಿಗೆ, ಫೋಟೊ ಮತ್ತು ಅಳತೆ ಸಮೇತ ಅರ್ಜಿ ಕೊಟ್ಟು ಉತ್ತರವನ್ನು ಬರಹದಲ್ಲೇ ಪಡೆಯಿರಿ. ಬಾಯಿಮಾತಿನ ‘ಪರವಾಗಿಲ್ಲ ಇಟ್ಕೊಳ್ಳಿ’ ನಾಳೆ ಕೆಲಸಕ್ಕೆ ಬರುವುದಿಲ್ಲ. ಮನೆಯಲ್ಲಿ ಹಿರಿಯರ ಲೈಸೆನ್ಸಿನಲ್ಲಿ ಬಂದ ಮೌಸರ್ ಇದ್ದರೆ ಪೆಟ್ಟಿಗೆಯನ್ನೂ ಆ ಲೈಸೆನ್ಸಿನ ಕಡತದೊಳಗೇ ತೋರಿಸುವುದು ಸರಿ.

ವಿದೇಶದಿಂದ ತರಿಸುವುದು ಇನ್ನೂ ಬಿಗಿ. 10ನೇ ಕಲಮಿನ ಪ್ರಕಾರ ಶಸ್ತ್ರಗಳ ಆಮದು-ರಫ್ತಿಗೆ ಪರವಾನಗಿ ಬೇಕು. ‘ಮರದ ಅಲಂಕಾರಿಕ ಪೆಟ್ಟಿಗೆ’ ಎಂದು ಚೀಟಿ ಅಂಟಿಸಿ ಕಳಿಸುತ್ತೇನೆ ಎನ್ನುವ ಮಾರಾಟಗಾರ ನಿಮಗೆ ಉಪಕಾರ ಮಾಡುತ್ತಿಲ್ಲ. ಕಸ್ಟಮ್ಸ್‌ನವರು ತೆರೆದರೆ ಮಾಲಿನ ಜೊತೆಗೆ ಸುಳ್ಳು ಘೋಷಣೆಯ ಪ್ರಕರಣವೂ ಗಂಟುಬೀಳುತ್ತದೆ. ಹೊರಗೆ ಒಯ್ಯುವುದಕ್ಕೂ ತಡೆ ಉಂಟು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿ ವ್ಯಕ್ತಿ ದೇಶದಿಂದ ಆಚೆ ಸಾಗಿಸುವಂತಿಲ್ಲ. 1916ರ ಪೆಟ್ಟಿಗೆ ಆ ಗೆರೆಯನ್ನು ದಾಟಿ ಆಗಿದೆ. ಊರಿಗೆ ಬಂದು ಅಜ್ಜನ ಪೆಟ್ಟಿಗೆಯನ್ನು ಸೂಟ್‌ಕೇಸಿಗೆ ಹಾಕಿಕೊಂಡು ಹೊರಡುವ ಅನಿವಾಸಿಗಳು ಇದನ್ನು ನೆನಪಿಟ್ಟುಕೊಳ್ಳಬೇಕು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಸ್ಟಾಕ್ ಕೊಳ್ಳುವುದಕ್ಕಿಂತ ಅದನ್ನು ಪಿಸ್ತೂಲಿಗೆ ಜೋಡಿಸುವುದು ದೊಡ್ಡ ವಿಷಯ. 16 ಇಂಚಿಗಿಂತ ಗಿಡ್ಡ ನಳಿಗೆಗೆ ಸ್ಟಾಕ್ ಹಾಕಿದರೆ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಡಿ ಅದು ‘ಗಿಡ್ಡ ನಳಿಗೆಯ ರೈಫಲ್’ ಆಗುತ್ತದೆ, ನೋಂದಣಿ ಬೇಕು. ಕೆಲವು ಹಳೆಯ ಮೌಸರ್, ಲೂಗರ್, ಬ್ರೌನಿಂಗ್ ಜೋಡಿಗಳನ್ನು ಅಲ್ಲಿ ಬಂದೂಕು ಕಾನೂನು ನೋಡಿಕೊಳ್ಳುವ ಎಟಿಎಫ್ ಇಲಾಖೆ ತನ್ನ ‘ಕ್ಯೂರಿಯೊ ಮತ್ತು ರೆಲಿಕ್’ (ಹಳೆಯ, ಅಪರೂಪದ ಬಂದೂಕುಗಳ) ಪಟ್ಟಿಯ ಮೂಲಕ ಇದರಿಂದ ಹೊರಗಿಟ್ಟಿದೆ. ಯಾವ ಮಾದರಿ, ಎಂಥ ಸ್ಟಾಕ್ ಎಂದು ಪಟ್ಟಿಯಲ್ಲಿ ಬರೆದಿರುವುದನ್ನು ಪದಪದವಾಗಿ ಓದಿ, ರಾಜ್ಯದ ಕಾನೂನನ್ನು ಬೇರೆಯಾಗಿ ನೋಡಿ. ಟ್ರಿಗರ್ ಒಮ್ಮೆ ಒತ್ತಿದರೆ ಒಂದರ ಹಿಂದೊಂದು ಹಲವು ಗುಂಡು ಹಾರಿಸುವ, ಮೌಸರ್‌ನದೇ ಎಂ 712 ಮಾದರಿಯ ಪಿಸ್ತೂಲು ಅಲ್ಲಿ ಮಷೀನ್‌ಗನ್ ಎಂದೇ ಲೆಕ್ಕ.

ಇಷ್ಟೆಲ್ಲ ಇರುವುದರಿಂದ ನಮ್ಮ ಸಲಹೆ: ಪೆಟ್ಟಿಗೆಯನ್ನು ಪೆಟ್ಟಿಗೆಯಾಗಿಯೇ ಕೂಡಿಡಿ, ಪಿಸ್ತೂಲಿನ ಗೊಡವೆ ಬೇಡ. ಮರ, ಕಬ್ಬಿಣ, ಚರ್ಮ ಮೂರರ ಅಭ್ಯಾಸಕ್ಕೆ ಅದೊಂದೇ ಸಾಕು.

ಭಾಗಗಳನ್ನು ಗುರುತು ಹಿಡಿಯುವುದು

ಒಡಲು ಅಕ್ರೋಟು ಮರದ್ದು. ಒಳಗು ಟೊಳ್ಳು, ಉದ್ದ ಸುಮಾರು 35 ಸೆಂ.ಮೀ. ಭುಜಕ್ಕೆ ಆನುವ ದಪ್ಪ ತುದಿಯಲ್ಲಿ ಕೀಲು ಕೂರಿಸಿದ ಮರದ ಮುಚ್ಚಳ, ಅದನ್ನು ಹಿಡಿದಿಡಲು ಸ್ಪ್ರಿಂಗ್ ಚಿಲಕ. ಸಣ್ಣ ತುದಿಯನ್ನು ಕೊರಳು ಎನ್ನೋಣ. ಅಲ್ಲಿ ಉಕ್ಕಿನ ಜೋಡಣೆ ತುಂಡು ಇದೆ, ಅದರಿಂದ ಮುಂದಕ್ಕೆ ಚಾಚಿದ್ದು ನಾಲಿಗೆ. ಪಿಸ್ತೂಲಿನ ಹಿಡಿಯ ಹಿಂಬದಿಯಲ್ಲಿ ಕೊರೆದ ತೋಡಿಗೆ ಈ ನಾಲಿಗೆ ಜಾರಿ ಕೂರುತ್ತದೆ, ಸ್ಪ್ರಿಂಗ್ ಗುಂಡಿ ಅದನ್ನು ಹಿಡಿದುಕೊಳ್ಳುತ್ತದೆ. ಪೆಟ್ಟಿಗೆಯನ್ನು ಸುತ್ತುವರಿದ ಚರ್ಮದ ಪಟ್ಟಿಗಳಲ್ಲಿ ಬೆಲ್ಟಿಗೆ ತೂಗುಹಾಕುವ ಕುಣಿಕೆ ಇರುತ್ತದೆ, ನಳಿಗೆ ಉಜ್ಜುವ ಸರಳಿಗೂ ಬಿಡಿ ಸ್ಪ್ರಿಂಗುಗಳಿಗೂ ಚೀಲಗಳಿರುತ್ತವೆ. ಚರ್ಮ, ಸರಳು, ಚೀಲದೊಳಗಿನ ಸಾಮಾನು ಎಲ್ಲ ಕೂಡಿದ ಪೂರ್ತಿ ಜೊತೆ ಅಪರೂಪ. ಯುದ್ಧದಲ್ಲಿ ಮೊದಲು ಕಳೆದದ್ದು ಸರಳು, ಮನೆಯಲ್ಲಿ ಮೊದಲು ಕೊಳೆತದ್ದು ಚರ್ಮ.

ಬಗೆಗಳಲ್ಲಿ ನಾಲ್ಕನ್ನು ತಿಳಿದಿದ್ದರೆ ಆರಂಭಕ್ಕೆ ಸಾಕು. ಮೊದಲನೆಯದು 140 ಮಿ.ಮೀ. ನಳಿಗೆಯ ಪಿಸ್ತೂಲಿಗೆ ಮಾಡಿದ ಮಾಮೂಲಿ ವಾಣಿಜ್ಯ ಪೆಟ್ಟಿಗೆ. ಎರಡನೆಯದು ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆಗೆ 9 ಮಿ.ಮೀ. ಗುಂಡಿಗೆ ಮಾಡಿಸಿದ, ಹಿಡಿಯ ಮೇಲೆ ಕೆಂಪು 9 ಕೆತ್ತಿದ ಪಿಸ್ತೂಲುಗಳ ಪೆಟ್ಟಿಗೆ. ಆಗ ಬೇಡಿಕೆ ಇಟ್ಟದ್ದು ಒಂದೂವರೆ ಲಕ್ಷಕ್ಕೆ. ಮೂರನೆಯದು 1920ರ ದಶಕದ ‘ಬೋಲೊ’ ಪಿಸ್ತೂಲಿನದು. ವರ್ಸೇ ಒಪ್ಪಂದದ ಮಿತಿಗೆ ಒಗ್ಗುವಂತೆ ನಳಿಗೆಯನ್ನು 99 ಮಿ.ಮೀ.ಗೆ ಇಳಿಸಿದ್ದರು, ಪೆಟ್ಟಿಗೆಯೂ ಗಿಡ್ಡ. ನಾಲ್ಕನೆಯದು 1932ರ ಎಂ 712ರದು. ಬಿಚ್ಚುವ ಮ್ಯಾಗಜಿನ್ನಿಗೂ ಒಂಟಿ ಗುಂಡೋ ಸತತ ಗುಂಡೋ ಎಂದು ಆರಿಸುವ ಬದಿಯ ಗುಬುಟಿಗೂ ಜಾಗ ಬೇಕಾದ್ದರಿಂದ ಒಳಗು ಹೆಚ್ಚು ಅಗಲ. ಮಾಮೂಲಿ ಪೆಟ್ಟಿಗೆಯನ್ನು ಉಳಿಯಿಂದ ಕೊರೆದು ಎಂ 712ರದೆಂದು ಮಾರುವವರಿದ್ದಾರೆ. ಟಾರ್ಚ್ ಬಿಟ್ಟು ನೋಡಿದರೆ ಕಾರ್ಖಾನೆಯ ಯಂತ್ರದ ಕಡಿತ ನುಣುಪಾಗಿ ಒಂದೇ ಆಳದಲ್ಲಿರುತ್ತದೆ, ಉಳಿಯ ಕಡಿತ ಮೆಟ್ಟಿಲು ಮೆಟ್ಟಿಲಾಗಿ ಬಿಳಚಿಕೊಂಡಿರುತ್ತದೆ.

ಹೋಲಿಕೆಯಿಂದ ಮೋಸ ಹೋಗುವುದೂ ಉಂಟು. ಸ್ಪೇನಿನ ಅಸ್ತ್ರಾ 900, ರಾಯಲ್ ಪಿಸ್ತೂಲುಗಳು ಮೌಸರ್‌ನ ಹೊರರೂಪವನ್ನೇ ಹೊತ್ತವು, ಅವುಗಳ ಪೆಟ್ಟಿಗೆಯೂ ಹಾಗೆಯೇ ಕಾಣುತ್ತದೆ. ಚೀನಾದ ಶಾನ್ಶಿ ಕಾರ್ಖಾನೆ ದೊಡ್ಡ .45 ಗುಂಡಿಗೆ ಹಿಗ್ಗಿಸಿ ಮಾಡಿದ ಪಿಸ್ತೂಲಿನ ಪೆಟ್ಟಿಗೆ ಗಾತ್ರದಲ್ಲೇ ದೊಡ್ಡದು. ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಇಂಗ್ಲಿಸ್ ಕಂಪನಿ ಚೀನಾಕ್ಕೆಂದು ಮಾಡಿದ ಹೈ ಪವರ್ ಪಿಸ್ತೂಲುಗಳಿಗೂ ಮರದ ಪೆಟ್ಟಿಗೆ ಇತ್ತು. ಇವೆಲ್ಲ ಸಂಗ್ರಹಕ್ಕೆ ಯೋಗ್ಯವಾದವೇ. ಮೌಸರ್ ಬೆಲೆ ಕೊಟ್ಟು ತಂದಾಗ ಮಾತ್ರ ಹೊಟ್ಟೆ ಉರಿಯುತ್ತದೆ. ಜರ್ಮನ್ ಫಿರಂಗಿ ದಳದ 200 ಮಿ.ಮೀ. ನಳಿಗೆಯ ಲೂಗರ್‌ನ ಸ್ಟಾಕ್ ಟೊಳ್ಳಲ್ಲ. ಅದು ಚಪ್ಪಟೆ ಹಲಗೆ, ಮೇಲೆ ಚರ್ಮದ ಒರೆ ಕಟ್ಟಿರುತ್ತದೆ. ಅದನ್ನು ಬೇರೆ ಶಾಖೆಯೆಂದೇ ತಿಳಿಯಿರಿ.

ಪರೀಕ್ಷೆ ಮಾಡುವ ಬಗೆ

ಬೇಕಾದ ಸಲಕರಣೆ: 10 ಪಟ್ಟು ಹಿಗ್ಗಿಸುವ ಭೂತಗನ್ನಡಿ, ಸಣ್ಣ ತಲೆಯ ಟಾರ್ಚ್, 365 ನ್ಯಾನೊಮೀಟರ್‌ನ ಅತಿನೇರಳೆ ಟಾರ್ಚ್, ದಂತವೈದ್ಯರು ಬಳಸುವಂಥ ಕೋಲುಗನ್ನಡಿ, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ, ಹತ್ತಿಯ ಕೈಗವಸು. ಅಯಸ್ಕಾಂತವೂ ಇರಲಿ. ಜೋಡಣೆ ತುಂಡು ಉಕ್ಕಿನ ಬದಲು ಬೇರೆ ಲೋಹದ ಎರಕವಾದರೆ ಅದು ಅಂಟುವುದಿಲ್ಲ, ಅಲ್ಲಿಗೆ ಮಾತು ಮುಗಿಯಿತು.

ಮೂಗಿನಿಂದ ಶುರು ಮಾಡಿ. ಮುಚ್ಚಳ ತೆರೆದ ಕೂಡಲೇ ಒಳಗೆ ಮೂಗಿಟ್ಟರೆ ಹಳೆಯ ಎಣ್ಣೆ, ಚರ್ಮ, ಧೂಳು ಕಲೆತ ಮಂಕು ವಾಸನೆ ಬರಬೇಕು. ವಾರ್ನಿಷ್, ಥಿನ್ನರ್, ಹೊಸ ಮರದ ಹುಳಿ ವಾಸನೆ ಬಂದರೆ ಎಚ್ಚರ. ಚಹಾ ಕಷಾಯದಲ್ಲಿ ಬಣ್ಣ ಹಿಡಿಸಿದ್ದಕ್ಕೂ ಒಂದು ವಾಸನೆ ಇರುತ್ತದೆ, ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ.

ಆಮೇಲೆ ಒಳಗೋಡೆ. ಪಿಸ್ತೂಲು ವರ್ಷಗಟ್ಟಲೆ ಒಳಗೆ ಹೋಗಿ ಬಂದಿದ್ದರೆ ಅದು ತಾಗುವ ಜಾಗಗಳು ನಿಶ್ಚಿತ: ನಳಿಗೆಯ ತುದಿ ಕೂರುವಲ್ಲಿ ಕಪ್ಪಾದ ಉಂಗುರದ ಗುರುತು, ಗುರಿಕಣ್ಣು ಉಜ್ಜಿದ ಉದ್ದ ಗೀರು, ಸುತ್ತಿಗೆಯ ಭಾಗ ತಾಗಿ ಹೊಳಪೇರಿದ ತಗ್ಗು, ಬಾಯಿಯ ಅಂಚಿನಲ್ಲಿ ಮ್ಯಾಗಜಿನ್ ಮೂಲೆ ತಾಗಿದ ಸವೆತ. ಎಣ್ಣೆ ಮರಕ್ಕೆ ಇಳಿದು ಕಂದು-ಕಪ್ಪು ಕಲೆಗಳಾಗಿರುತ್ತವೆ, ಕಲೆಯ ಅಂಚು ಮಸುಕಾಗಿ ಮರದ ಎಳೆಯ ಉದ್ದಕ್ಕೆ ಹರಿದಿರುತ್ತದೆ. ನಕಲಿಯಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಹೊರಗೆ ನೂರು ಪೆಟ್ಟು ಬಿದ್ದಂತೆ ಜಜ್ಜಿರುತ್ತಾರೆ, ಒಳಗು ಮಾತ್ರ ನಿನ್ನೆ ಕೊರೆದಂತೆ ಇರುತ್ತದೆ. ಇಲ್ಲವೇ ಒಳಗೆಲ್ಲ ಒಂದೇ ಸಮ ಕಪ್ಪು ಬಳಿದಿರುತ್ತಾರೆ. ಸವೆತ ಎಂದೂ ಒಂದೇ ಸಮ ಬೀಳುವುದಿಲ್ಲ.

ಮೂರನೆಯದು ನಾಲಿಗೆ. ಇದರ ಮೇಲೆ ಸಾಮಾನ್ಯವಾಗಿ ಪಿಸ್ತೂಲಿನ ಕ್ರಮಸಂಖ್ಯೆ ಪೂರ್ತಿಯಾಗಿಯೋ ಭಾಗಶಃವಾಗಿಯೋ ಒತ್ತಿರುತ್ತದೆ. ಪಿಸ್ತೂಲಿನ ಸಂಖ್ಯೆಗೆ ಹೊಂದುವ ಪೆಟ್ಟಿಗೆಗೆ ಬೆಲೆ ಎಷ್ಟೋ ಪಟ್ಟು ಹೆಚ್ಚು, ಅದಕ್ಕೇ ಹಳೆಯ ಸಂಖ್ಯೆ ಅರದಿಂದ ಉಜ್ಜಿ ಹೊಸದು ಒತ್ತುವ ಚಾಳಿ. ಹಿಡಿಯುವುದು ಹೀಗೆ. ಬೆಳಕನ್ನು ಲೋಹಕ್ಕೆ ಬಹುತೇಕ ಸಮಾನಾಂತರವಾಗಿ, 15 ಡಿಗ್ರಿಯಷ್ಟು ಓರೆಯಲ್ಲಿ ಬಿಡಿ. ಅರ ಆಡಿಸಿದ ಕಡೆ ತಗ್ಗು ನೆರಳಾಗಿ ಕಾಣುತ್ತದೆ, ಒಂದೇ ದಿಕ್ಕಿನ ಗೀರುಗಳು ಸಾಲಾಗಿ ಹೊಳೆಯುತ್ತವೆ. ಇನ್ನು ಅಂಕಿಯ ಅಂಚನ್ನು ಉಗುರಿನಿಂದ ತಡವಿ. ಅಚ್ಚು ಒತ್ತಿದಾಗ ಲೋಹ ಸುತ್ತ ಉಬ್ಬುತ್ತದೆ. ನೂರು ವರ್ಷದ ಕೈಬಳಕೆಯಲ್ಲಿ ಆ ಉಬ್ಬು ಸವೆದಿರಬೇಕು, ಹೊಸ ಅಚ್ಚಿನಲ್ಲಿ ಅದು ಉಗುರಿಗೆ ಕಚ್ಚುತ್ತದೆ. ಅಂಕಿಯ ತಳದ ಬಣ್ಣವೂ ಸುತ್ತಲಿನ ಲೋಹದ ಬಣ್ಣವೂ ಒಂದೇ ವಯಸ್ಸಿನವಾಗಿ ಕಾಣಬೇಕು. ತಳ ಬೆಳ್ಳಗೆ ಹೊಳೆದರೆ ಅಥವಾ ಒಳಗೆ ಮಾತ್ರ ಕೆಂಪು ತುಕ್ಕು ಕೂತಿದ್ದರೆ ನಂಬಬೇಡಿ. ಹಳೆಯ ಪೆಟ್ಟಿಗೆಯಲ್ಲಿ ಸಂಖ್ಯೆ ಹೊಂದದಿರುವುದು ದೋಷವೇನಲ್ಲ. ಸೇನೆಗಳ ದುರಸ್ತಿ ಕೊಟ್ಟಿಗೆಗಳಲ್ಲಿ ಪೆಟ್ಟಿಗೆ ಅದಲುಬದಲು ಆಗುತ್ತಲೇ ಇತ್ತು. ಹೊಂದದ, ಆದರೆ ಪ್ರಾಮಾಣಿಕವಾದ ಪೆಟ್ಟಿಗೆ, ಸಂಖ್ಯೆ ತಿದ್ದಿ ಹೊಂದಿಸಿದ ಪೆಟ್ಟಿಗೆಗಿಂತ ಎಷ್ಟೋ ಮೇಲು.

ನಾಲ್ಕನೆಯದು ಸ್ಕ್ರೂಗಳು. ಕೂಡುಗುರುತಿನ ಫಿಲಿಪ್ಸ್ ತಲೆ ಕಂಡರೆ ಅದು 1930ರ ದಶಕಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಒಂದೇ ಗೀಟಿನ ಸ್ಕ್ರೂ ಆದರೂ ಗೀಟಿನ ಅಂಚು ಜಜ್ಜಿದ್ದರೆ ಯಾರೋ ಬಿಚ್ಚಿದ್ದಾರೆ, ಏಕೆಂದು ಕೇಳಿ. ಮರಕ್ಕೂ ಉಕ್ಕಿಗೂ ನಡುವಿನ ಸಂದು ಕೂದಲೆಳೆಯಷ್ಟು ಇರಬೇಕು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಮೇಣ ತುಂಬಿದ ಬಿರುಕು ಇದ್ದರೆ ಆ ತುಂಡು ಬೇರೆ ಪೆಟ್ಟಿಗೆಯದು.

ಐದನೆಯದು ಕತ್ತಲಲ್ಲಿ ಅತಿನೇರಳೆ ಬೆಳಕು. ಅರಗಿನ ಪಾಲಿಶ್ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ, ಹೊಸ ಎಪಾಕ್ಸಿ ಅಂಟು ಬಹುಮಟ್ಟಿಗೆ ನೀಲಿ-ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ. ಹಗಲಲ್ಲಿ ಕಾಣದ ಬಿರುಕಿನ ದುರಸ್ತಿ ಇಲ್ಲಿ ಸಿಕ್ಕಿಬೀಳುತ್ತದೆ. ಮೊದಲು ನೋಡಬೇಕಾದದ್ದು ಕೊರಳು. ಅಲ್ಲಿ ಮರ ತೆಳು, ಉಕ್ಕು ಗಡುಸು, ಭುಜದ ಒತ್ತಡವೆಲ್ಲ ಅಲ್ಲೇ ಸೇರುತ್ತದೆ. ಎರಡನೆಯದು ಮುಚ್ಚಳದ ಕೀಲಿನ ಸುತ್ತ. ಬಿರುಕು ಇದ್ದ ಮಾತ್ರಕ್ಕೆ ಬಿಡಬೇಕಿಲ್ಲ. ಮರೆಮಾಚಿದ ಬಿರುಕಿಗೆ ಮಾತ್ರ ಬೆಲೆ ಮುರಿಯಿರಿ.

ಚರ್ಮವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ. ಸೇನಾ ಮಾಲಿನ ಪಟ್ಟಿಗಳ ಹಿಂಭಾಗದಲ್ಲಿ ತಯಾರಕನ ಹೆಸರು, ಊರು, ಇಸವಿಯ ಅಚ್ಚು ಇರುತ್ತದೆ. ಇಸವಿ 1917, ಹೊಲಿಗೆ ದಾರ ನೈಲಾನ್ ಆದರೆ ಎರಡರಲ್ಲೊಂದು ಸುಳ್ಳು. ಬಿಡಿ ದಾರದ ಎಳೆಯೊಂದನ್ನು ಮಾರಾಟಗಾರನ ಒಪ್ಪಿಗೆಯಿಂದ ಸುಟ್ಟು ನೋಡಿ. ನಾರಿನ ದಾರ ಬೂದಿಯಾಗುತ್ತದೆ, ನೈಲಾನ್ ಕರಗಿ ಮಣಿಯಾಗುತ್ತದೆ. ಉಜ್ಜಿದರೆ ಕೆಂಪು ಪುಡಿ ಉದುರುವ ಚರ್ಮಕ್ಕೆ ಕೆಂಪು ಕೊಳೆ ಹತ್ತಿದೆ ಎಂದರ್ಥ. ಅದು ನಿಲ್ಲಬಹುದು, ವಾಸಿಯಾಗುವುದಿಲ್ಲ.

ದೂರದಿಂದ ಕೊಳ್ಳುವಾಗ

ಹರಾಜು ಕಂಪನಿಗಳ ಪುಟದಲ್ಲಿ ಸಿಗುವುದು ಹೊಳೆಯುವ ಪಾರ್ಶ್ವಚಿತ್ರ ಒಂದೇ. ಈ ಚಿತ್ರಗಳನ್ನು ಕೇಳಿ ಪಡೆಯಿರಿ: ಎರಡೂ ಬದಿ, ಮುಚ್ಚಳ ತೆರೆದು ಒಳಗು, ಮುಚ್ಚಳದ ಒಳಮೈ, ನಾಲಿಗೆಯ ನಾಲ್ಕೂ ಮುಖ ಓರೆ ಬೆಳಕಿನಲ್ಲಿ, ಕೊರಳಿನ ಹತ್ತಿರದ ಚಿತ್ರ, ಚರ್ಮದ ಅಚ್ಚು, ತಕ್ಕಡಿಯ ಮೇಲಿಟ್ಟ ಪೆಟ್ಟಿಗೆ. ಪಕ್ಕದಲ್ಲೊಂದು ಅಳತೆಪಟ್ಟಿ ಇರಲಿ. ‘ಒಳಗಿನ ಫೋಟೊ ತೆಗೆಯಲು ಆಗಲ್ಲ’ ಎಂದವರನ್ನು ಕೈಬಿಡಿ. ವಿವರಣೆಯಲ್ಲಿ ‘ಶೈಲಿಯ’, ‘ಮಾದರಿಯ’ ಎಂಬ ಮಾತು ಎಲ್ಲಿ ನುಸುಳಿದೆ ನೋಡಿ. ‘ಮೌಸರ್ ಮಾದರಿಯ ಸ್ಟಾಕ್’ ಎಂದರೆ ಮೌಸರ್ ಅಲ್ಲ ಎಂದು ಅವರೇ ಒಪ್ಪಿಕೊಂಡಂತೆ. ಹೊಸ ಪ್ರತಿಕೃತಿಯನ್ನು ಪ್ರತಿಕೃತಿ ಎಂದೇ ಹೇಳಿ ಮಾರಿದರೆ ತಪ್ಪಿಲ್ಲ. ಕೈಯಲ್ಲಿ ಹಿಡಿದು ಕಲಿಯಲು ಅಂಥದೊಂದು ಉಪಯುಕ್ತವೂ ಹೌದು, ಆದರೆ ಮೇಲಿನ ಕಾನೂನಿನ ಮಾತು ಅದಕ್ಕೂ ಅನ್ವಯ.

ಶುಚಿ ಮಾಡುವುದು: ಆದಷ್ಟು ಕಡಿಮೆ

ಉಪ್ಪುಕಾಗದ ಹಿಡಿದ ಕೂಡಲೇ ಅರ್ಧ ಬೆಲೆ ಹೋಯಿತು ಎಂದು ತಿಳಿಯಿರಿ. ಮರದ ಮೇಲಿನ ಕಪ್ಪು ಪದರವೇ ಅದರ ವಯಸ್ಸಿನ ಸಾಕ್ಷಿ.

ಮೃದು ಕುಂಚದಿಂದ ಧೂಳು ಕೊಡವಿ, ಒಳಗೆ ಕುಂಚ ಆಡಿಸುವಾಗ ಪೆಟ್ಟಿಗೆಯನ್ನು ಬಾಯಿ ಕೆಳಗಾಗಿ ಹಿಡಿಯಿರಿ. ಜಿಡ್ಡು ಇದ್ದರೆ ಮಿನರಲ್ ಟರ್ಪೆಂಟೈನ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿಯಿಂದ ಮರೆಯ ಜಾಗದಲ್ಲಿ ಮೊದಲು ಒರೆಸಿ ನೋಡಿ. ಹತ್ತಿಗೆ ಕೊಳೆಯ ಬೂದುಬಣ್ಣ ಬಂದರೆ ಮುಂದುವರಿಯಿರಿ, ಕಿತ್ತಳೆ-ಕಂದು ಬಂದರೆ ಮೂಲ ಲೇಪವೇ ಕರಗುತ್ತಿದೆ, ಅಲ್ಲಿಗೇ ನಿಲ್ಲಿಸಿ. ಒಣಗಿದ ಮೇಲೆ ಮೈಕ್ರೊಕ್ರಿಸ್ಟಲೈನ್ ಮೇಣವನ್ನು, ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ರಿನೇಸಾನ್ಸ್ ವ್ಯಾಕ್ಸ್‌ನಂಥದನ್ನು, ಬಟಾಣಿ ಗಾತ್ರದಷ್ಟು ಬಟ್ಟೆಗೆ ಹಚ್ಚಿ ತೆಳುವಾಗಿ ಸವರಿ, ಕೆಲವು ನಿಮಿಷ ಬಿಟ್ಟು ಉಜ್ಜಿ. ವರ್ಷಕ್ಕೊಮ್ಮೆ ಸಾಕು. ಅಗಸೆ ಎಣ್ಣೆ ಹಚ್ಚುವ ಹಳೆಯ ಅಭ್ಯಾಸ ಬೇಡ. ಅದು ಗಾಳಿಗೆ ಗಟ್ಟಿಯಾಗಿ ಧೂಳು ಹಿಡಿದು ಕಪ್ಪು ಅಂಟು ಪದರವಾಗುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ.

ಉಕ್ಕಿನ ಮೇಲೆ ಮೇಲ್ಪದರದ ಕೆಂಪು ತುಕ್ಕು ಇದ್ದರೆ ತೆಳು ಎಣ್ಣೆ ಒಂದು ಹನಿ ಹಾಕಿ ರಾತ್ರಿಯಿಡೀ ಬಿಡಿ, ಬೆಳಗ್ಗೆ ಚೂಪು ಮಾಡಿದ ಬಿದಿರು ಕಡ್ಡಿಯಿಂದ ಕೆರೆದು ತೆಗೆಯಿರಿ. ಎಣ್ಣೆಗೆ ಸಡಿಲಾದ ತುಕ್ಕು ಬಿದಿರಿಗೆ ಎದ್ದು ಬರುತ್ತದೆ, ಬಿದಿರು ಉಕ್ಕಿಗಿಂತ ಮೆದು, ಹಾಗಾಗಿ ಉಕ್ಕಿನ ಮೇಲಿನ ಹಳೆಯ ನೀಲಿ ಬಣ್ಣ ಉಳಿಯುತ್ತದೆ. ಎಣ್ಣೆ ಮರಕ್ಕೆ ಹರಿಯದಂತೆ ಸಂದಿಗೆ ಪಾಲಿಥೀನ್ ಪಟ್ಟಿ ಸಿಕ್ಕಿಸಿ. ಎಣ್ಣೆ ಕುಡಿದ ಮರ ಮೆತ್ತಗಾಗಿ ಸ್ಕ್ರೂ ಹಿಡಿತ ಬಿಡುತ್ತದೆ.

ಚರ್ಮಕ್ಕೆ ಎಣ್ಣೆ ಕುಡಿಸಬೇಡಿ. ದನದ ಕಾಲುಮೂಳೆಯಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆ ಮೊದಲ ವಾರ ಮೃದುವಾಗಿಸಿ, ಆಮೇಲೆ ಕಪ್ಪಗಾಗಿಸಿ, ಹೊಲಿಗೆಯನ್ನು ಕೊಳೆಸುತ್ತದೆ. ಹಿತ್ತಾಳೆ ಗುಬುಟಿನ ಸುತ್ತ ಹಸಿರು ಮೇಣದಂಥ ಕಿಲುಬು ಬಂದಿದ್ದರೆ ಅದು ಚರ್ಮದ ಕೊಬ್ಬು ತಾಮ್ರದ ಜೊತೆ ಸೇರಿ ಆದದ್ದು. ಕಡ್ಡಿಯಿಂದ ತೆಗೆದು ಒಣ ಹತ್ತಿಯಲ್ಲಿ ಒರೆಸಿ, ಕೆಲವು ತಿಂಗಳಿಗೆ ಮತ್ತೆ ಬರುತ್ತದೆ, ಮತ್ತೆ ತೆಗೆಯಿರಿ. ಕೆಂಪು ಕೊಳೆಗೆ ಆಲ್ಕೊಹಾಲ್‌ನಲ್ಲಿ ಕರಗಿಸಿದ ಕ್ಲೂಸೆಲ್ ಜಿ ಎಂಬ ಸೆಲ್ಯುಲೋಸ್ ಮೂಲದ ಲೇಪ, ಉದುರುವ ಪುಡಿಯನ್ನು ಹಿಡಿದು ನಿಲ್ಲಿಸುತ್ತದೆ. ಒಣಗಿ ಗಟ್ಟಿಯಾದ ಪಟ್ಟಿಯನ್ನು ಬಗ್ಗಿಸಿ ಬಕ್ಕಲ್‌ಗೆ ಸಿಕ್ಕಿಸುವ ಆಸೆ ಎಂದೂ ಬೇಡ, ಆ ಒಂದು ಬಗ್ಗಿಗೆ ತುಂಡಾಗುತ್ತದೆ.

ಕೊರಳಿನ ಬಿರುಕು ಹರಡುತ್ತಿದ್ದರೆ ಪ್ರಾಣಿಮೂಲದ ಮರವಜ್ರದಿಂದ ಅಂಟಿಸಿ. ಬಿಸಿನೀರಿನ ಆವಿಗೆ ಅದು ಮತ್ತೆ ಬಿಡುತ್ತದೆ, ಮುಂದಿನವರಿಗೆ ಸರಿಪಡಿಸುವ ಅವಕಾಶ ಉಳಿಯುತ್ತದೆ. ಎಪಾಕ್ಸಿ ಹಾಕಿದರೆ ಬಾಗಿಲು ಮುಚ್ಚಿದಂತೆ.

ಇಡುವ ಜಾಗ, ಮಳೆಗಾಲ, ಕುಟ್ಟೆಹುಳು

ಮರ, ಚರ್ಮ, ಉಕ್ಕು ಮೂರಕ್ಕೂ ಒಗ್ಗುವ ತೇವಾಂಶ ಶೇ. 45ರಿಂದ 55. ಬೆಂಗಳೂರಿನ ಬೇಸಿಗೆಯಲ್ಲಿ ಇದಕ್ಕಿಂತ ಕೆಳಗೆ ಇಳಿಯುತ್ತದೆ, ಕರಾವಳಿ-ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇ. 80 ದಾಟುತ್ತದೆ. ತೇವಾಂಶ ಅಳೆಯುವ ಒಂದು ಡಿಜಿಟಲ್ ಹೈಗ್ರೊಮೀಟರ್ ತನ್ನಿ. ಅದು ಸರಿ ಇದೆಯೇ ಎಂದು ನೋಡಲು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಕೆಸರಿನಂತೆ ಮಾಡಿ, ಮೀಟರಿನ ಜೊತೆ ಜಿಪ್ ಚೀಲದಲ್ಲಿಟ್ಟು ಹನ್ನೆರಡು ಗಂಟೆ ಬಿಡಿ. ಶೇ. 75 ತೋರಿಸಬೇಕು. ಎಷ್ಟು ತಪ್ಪಿದೆಯೋ ಅಷ್ಟನ್ನು ಕೂಡಿಸಿಯೋ ಕಳೆದೋ ಓದಿಕೊಳ್ಳಿ.

ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬಿ ಒಳ್ಳೆಯದು, ಪಿವಿಸಿ ಬೇಡ, ಅದು ಆಮ್ಲ ಬಿಡುತ್ತದೆ. ಇಲ್ಲಿ ಎಲ್ಲರೂ ಮಾಡುವ ಅತಿ: ತೇವ ಹೀರುವ ಸಿಲಿಕಾ ಜೆಲ್ ಹರಳನ್ನು ಒಲೆಯಲ್ಲಿ ಹುರಿದು ಅರ್ಧ ಕಿಲೋ ಸುರಿಯುವುದು. ಹೊಸದಾಗಿ ಒಣಗಿಸಿದ ಜೆಲ್ ಡಬ್ಬಿಯ ತೇವವನ್ನು ತೀರಾ ಕೆಳಗೆ ಎಳೆದುಬಿಡುತ್ತದೆ. ಮರ ಕುಗ್ಗುತ್ತದೆ, ಕೊರಳಿನೊಳಗಿನ ಉಕ್ಕು ಕುಗ್ಗುವುದಿಲ್ಲ, ಸರಿಯಾಗಿ ಅಲ್ಲೇ ಬಿರುಕು ಬಿಡುತ್ತದೆ. 20 ಲೀಟರ್ ಡಬ್ಬಿಗೆ 50 ಗ್ರಾಂನಿಂದ ಶುರು ಮಾಡಿ ಎರಡು ದಿನ ಮೀಟರ್ ನೋಡಿ, ಬೇಕಾದರೆ ಮತ್ತೆ 50 ಗ್ರಾಂ ಸೇರಿಸಿ. ಚರ್ಮದ ಪಟ್ಟಿಯನ್ನು ಬಿಚ್ಚಿ ಆಮ್ಲರಹಿತ ಕಾಗದದಲ್ಲಿ ಬೇರೆ ಇಡಿ. ಪೆಟ್ಟಿಗೆಯ ಮುಚ್ಚಳವನ್ನು ಒಂದು ಬೆರಳಿನಷ್ಟು ತೆರೆದೇ ಇಡಿ, ಸ್ಪ್ರಿಂಗಿಗೆ ಬಿಡುವು, ಒಳಗೆ ಗಾಳಿ.

ಮರದಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆಹುಳು ಬದುಕಿದೆ. ಕಪ್ಪು ಕಾಗದದ ಮೇಲೆ ಒಂದು ವಾರ ಇಟ್ಟು ನೋಡಿದರೆ ಖಚಿತವಾಗುತ್ತದೆ, ಅಲುಗಾಡಿಸದೆ ಇಟ್ಟರೆ ಹಳೆಯ ತೂತು ಸಾಮಾನ್ಯವಾಗಿ ಪುಡಿ ಉದುರಿಸುವುದಿಲ್ಲ. ಕೀಟನಾಶಕ ಚುಚ್ಚಬೇಡಿ, ಕಲೆ ಬೀಳುತ್ತದೆ. ಪೆಟ್ಟಿಗೆಗೆ ಹತ್ತಿ ಬಟ್ಟೆ ಸುತ್ತಿ, ಎರಡು ಪದರ ಪಾಲಿಥೀನ್‌ನಲ್ಲಿ ಗಾಳಿ ಹಿಂಡಿ ಮುಚ್ಚಿ, ಮೈನಸ್ 18ರಿಂದ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲವನ್ನು ಪೂರ್ತಿ ಒಂದು ದಿನ ಬಿಚ್ಚಬಾರದು. ಬೇಗ ಬಿಚ್ಚಿದರೆ ಗಾಳಿಯ ನೀರು ತಣ್ಣಗಿನ ಉಕ್ಕಿನ ಮೇಲೆ ಕೂತು ಸಂಜೆಯೊಳಗೆ ತುಕ್ಕು. ಫ್ರಿಜ್ಜಿನ ಮೇಲಿನ ಐಸ್ ಪೆಟ್ಟಿಗೆಯಲ್ಲಿ ಈ ತಂಪು ಸಿಗದಿದ್ದರೆ ಹುಳು ಸುಮ್ಮನೆ ಮಲಗಿ ಏಳುತ್ತದೆ.

ದಾಖಲೆ ಪುಸ್ತಕ

ಪ್ರತಿ ಪೆಟ್ಟಿಗೆಗೆ ಒಂದು ಹಾಳೆ: ಉದ್ದ ಮಿ.ಮೀ.ನಲ್ಲಿ, ತೂಕ ಗ್ರಾಂನಲ್ಲಿ, ನಾಲಿಗೆಯ ಸಂಖ್ಯೆ, ಎಲ್ಲ ಅಚ್ಚುಗಳ ಚಿತ್ರ, ಇರುವ ಬಿರುಕುಗಳ ನಕ್ಷೆ, ಮಾಡಿದ ದುರಸ್ತಿ ಮತ್ತು ಬಳಸಿದ ಅಂಟು-ಮೇಣದ ಹೆಸರು, ಕೊಂಡ ರಸೀದಿ, ಅಧಿಕಾರಿಯ ಪತ್ರದ ಪ್ರತಿ. ಪೆಟ್ಟಿಗೆಯ ಮೇಲೆ ಏನನ್ನೂ ಬರೆಯಬೇಡಿ, ಚೀಟಿ ಅಂಟಿಸಬೇಡಿ. ಹತ್ತಿ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿಯಲ್ಲಿ ಪೆನ್ಸಿಲಿನಿಂದ ಸಂಖ್ಯೆ ಬರೆದು ಮುಚ್ಚಳದ ಕೀಲಿನ ಬಳಿ ತೂಗಿಬಿಡಿ. ಹಾಳೆಯ ಒಂದು ಪ್ರತಿ ಡಬ್ಬಿಯ ಹೊರಗೆ, ಬೇರೆ ಕೋಣೆಯಲ್ಲಿ ಇರಲಿ. ವಿಮೆ ಮಾಡಿಸುವಾಗಲೂ ಪೊಲೀಸ್ ವಿಚಾರಣೆ ಬಂದಾಗಲೂ ಮೊದಲು ಕೇಳುವುದು ಅದನ್ನೇ.